ನಿಂತ ಗಡಿಯಾರ

2019ರ ಜುಲೈ 15, ಬೆಳಗಿನ ಜಾವ ಎರಡಕ್ಕೆ ಐದು ನಿಮಿಷವಿತ್ತು. ಶ್ರೀಹರಿಕೋಟದ ವೀಕ್ಷಣಾ ಗ್ಯಾಲರಿಯಲ್ಲಿ ಅಪ್ಪನ ಪಕ್ಕ ಕೂತಿದ್ದೆ. ನಾಳೆ ಗುರುಪೂರ್ಣಿಮೆ. ಚಂದ್ರಯಾನ-2 ಹೊರಡಬೇಕಾದದ್ದು 2.51ಕ್ಕೆ. ಪರದೆಯ ಮೇಲೆ ಒಂದೊಂದೇ ಸೆಕೆಂಡು ಇಳಿಯುತ್ತಿತ್ತು. 56 ನಿಮಿಷ 24 ಸೆಕೆಂಡು. ಆಮೇಲೆ ಅಂಕಿ ಕದಲಲಿಲ್ಲ.

ತಾಂತ್ರಿಕ ತೊಂದರೆ, ಇವತ್ತಿಗೆ ಉಡಾವಣೆ ಇಲ್ಲ ಎಂದರು. ಜನ ಚಾಪೆ, ನೀರಿನ ಬಾಟಲಿ ಎತ್ತಿಕೊಂಡು ಏಳತೊಡಗಿದರು. ನನಗೆ ಗಂಟಲು ಕಟ್ಟಿತ್ತು. ಅಪ್ಪ ಮಾತ್ರ ಕೂತೇ ಇದ್ದರು.

ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮಷೀನ್ ಮುಂದೆ ನಿಂತವರು ಅವರು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಯು.ಆರ್. ರಾವ್ ಅವರ ತಂಡ ಕಟ್ಟಿದ್ದು ಅದೇ ಪೀಣ್ಯದ ಶೆಡ್ಡುಗಳಲ್ಲಿ ಎನ್ನುವುದು ಅವರಿಗೆ ಮನೆತನದ ಸಂಗತಿಯಷ್ಟೇ ಹೆಮ್ಮೆ.

‘ಟೂಲ್ ಕಚ್ಚೋ ಸದ್ದು ಬದಲಾಯ್ತು ಅಂದ್ರೆ ಮೊದಲು ಮಷೀನ್ ಆಫ್ ಮಾಡ್ಬೇಕು ಮಗಾ. ಜಾಬ್ ಹಾಳಾದ್ಮೇಲೆ ಆಫ್ ಮಾಡಿ ಏನ್ ಪ್ರಯೋಜನ?’ ಎಂದರು.

ಪುಲಿಕಾಟ್ ಸರೋವರದ ನಡುವಿನ ರಸ್ತೆಯಲ್ಲಿ ಹಿಂದಿರುಗುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. 640 ಟನ್ ತೂಕದ ರಾಕೆಟ್. ಅದರ ಮೇಲಿನ ಹಂತದಲ್ಲಿ ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕ. ಅದನ್ನೆಲ್ಲ ಬರಿದು ಮಾಡಿ, ಹತ್ತಿರ ಹೋಗಿ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ರಾಷ್ಟ್ರಪತಿಗಳೇ ನೋಡಲು ಬಂದಿದ್ದ ರಾತ್ರಿ, ದೇಶಕ್ಕೆ ದೇಶವೇ ಎಚ್ಚರವಿದ್ದಾಗ ‘ಬೇಡ, ನಿಲ್ಲಿಸಿ’ ಎನ್ನಲು ಎಂಥ ಗುಂಡಿಗೆ ಬೇಕು! ಹಾರಿದ್ದನ್ನು ನೋಡಿದವರು ಸಾವಿರಾರು ಮಂದಿ ಇದ್ದಾರೆ. ಆ ಧೈರ್ಯವನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ.

ವಾರ ಕಳೆದು, ಜುಲೈ 22ರ ಸೋಮವಾರ ರಜೆ ಹಾಕಿ ಮನೆಯಲ್ಲೇ ಟಿವಿ ಮುಂದೆ ಕೂತೆವು. ಹೊಸ ಸಮಯ ಮಧ್ಯಾಹ್ನ 2.43. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಅಪ್ಪ ಕೈಗಡಿಯಾರ ಬಿಚ್ಚಿ ಟೀಪಾಯಿ ಮೇಲೆ ಇಟ್ಟುಕೊಂಡಿದ್ದರು. ಅದರ ಪಟ್ಟಿ ಬೆವರಿಗೆ ಬಿಳುಚಿ, ಒಂದು ಕಡೆ ದಾರದಲ್ಲಿ ಹೊಲಿದಿತ್ತು. 1.47 ಆದಾಗ ಬೆರಳಿಂದ ಗಾಜು ತಟ್ಟಿ, ‘ದಾಟ್ತು’ ಎಂದರು. ಹೋದ ಸಲ ನಿಂತ ಜಾಗವನ್ನು ಲೆಕ್ಕ ಹಾಕಿಟ್ಟಿದ್ದರೆಂದು ನನಗೆ ಆಗಲೇ ತಿಳಿದದ್ದು.

ರಾಕೆಟ್ ಏರಿತು, ಮೋಡ ಸೇರಿತು. ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಸುಮಾರು 16 ನಿಮಿಷದ ಬಳಿಕ ನೌಕೆ ಬೇರ್ಪಟ್ಟಿತೆಂದು ಹೇಳಿದ ಮೇಲೆ ಗಡಿಯಾರ ಕಟ್ಟಿಕೊಂಡು, ಕೈ ತೊಳೆಯಲು ಎದ್ದರು.