ಜೊತೆಗೆ ನಾಲ್ಕು ಹೆಜ್ಜೆ

ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮರುವಾರ ಸುಳಕೂಡದ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ನಪಾಸಾದ ಹುಡುಗರು ಬುತ್ತಿಯ ಡಬ್ಬಿ ಹಿಡಿದು ಇಚಲಕರಂಜಿಯ ದಾರಿ ಹಿಡಿದಿರುತ್ತಾರೆ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದಂದಿನಿಂದ ಆ ಊರು ಸುತ್ತಿನ ಹಳ್ಳಿಗಳಿಗೆ ಅನ್ನ ಕೊಟ್ಟಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹದಿನಾರರ ಹುಡುಗ ಹನ್ನೆರಡು ತಾಸು ಮಗ್ಗಗಳ ಖಟಖಟದ ನಡುವೆ ನಿಂತರೆ ಕೆಲವೇ ತಿಂಗಳಲ್ಲಿ ಅವನ ಮಾತೇ ಕಡಿಮೆಯಾಗುತ್ತದೆ. ದೂಧಗಂಗೆಯ ನೀರು ಇಚಲಕರಂಜಿಗೆ ಹೋಗಬೇಕೋ ಬೇಡವೋ ಎಂದು ನದಿದಂಡೆಯ ಊರುಗಳು ಸಭೆ ಸೇರಿದವು. ನಮ್ಮ ಹುಡುಗರು ಹೋಗುವುದಕ್ಕಾಗಿ ಯಾರೂ ಸಭೆ ಸೇರಿದ್ದನ್ನು ಕಾಣೆವು.

ಇಂಥವರಿಗೆ ಹಿರಿಯರು ಕೊಡುವುದು ಬುದ್ಧಿವಾದ, ಅದಕ್ಕೆ ಖರ್ಚಿಲ್ಲ. ಕ್ರೈಸ್ತ ಧರ್ಮ ಕೇಳುವುದು ಬೇರೆ. ಲೂಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನೋಡಿರಿ. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಮೇಲೆ ಇಬ್ಬರು ಶಿಷ್ಯರು ಆಸೆಗೆಟ್ಟು, ಯೆರೂಸಲೇಮ್ ಬಿಟ್ಟು ಎಮ್ಮಾಹು ಎಂಬ ಹಳ್ಳಿಯತ್ತ ನಡೆದಿದ್ದರು. ಮರಣವನ್ನು ಗೆದ್ದು ಬಂದ ಯೇಸು, ಅವರಿಗೆ ಗುರುತು ಸಿಗದಂತೆ, ಜೊತೆಗೆ ಹೆಜ್ಜೆ ಹಾಕಿದನು. ಹಿಂದಿರುಗಿರಿ ಎನ್ನಲಿಲ್ಲ. ಏನು ಮಾತಾಡುತ್ತಿದ್ದೀರಿ ಎಂದು ಮೊದಲು ಕೇಳಿದನು. ಗದರಿದ್ದೂ ಉಂಟು, ಆದರೆ ಅವರ ಮಾತು ಮುಗಿದ ಮೇಲೆ. ಸಂಜೆ ಅವರೊಡನೆ ಊಟಕ್ಕೆ ಕುಳಿತನು. ಆ ರಾತ್ರಿಯೇ ಅವರು ತಾವಾಗಿ ಯೆರೂಸಲೇಮಿಗೆ ಮರಳಿದರು.

ಈ ನಡೆಯನ್ನು ಕೆಲಸಕ್ಕೆ ಇಳಿಸಿದವರಲ್ಲಿ ಇಟಲಿಯ ಪಾದ್ರಿ ಡಾನ್ ಬಾಸ್ಕೊ (1815–1888) ಒಬ್ಬರು. ತುರಿನ್ ನಗರಕ್ಕೆ ಹಳ್ಳಿಗಳಿಂದ ಹುಡುಗರು ಕೂಲಿಗೆ ಬರುತ್ತಿದ್ದ ಕಾಲ ಅದು. ಕೆಲವರು ಸೆರೆಮನೆಯನ್ನೂ ಕಂಡಿದ್ದರು. ಅವರು ಕೆಲಸ ಮಾಡುವಲ್ಲಿಗೇ ಬಾಸ್ಕೊ ಹೋಗುತ್ತಿದ್ದರು. 1850ರ ದಶಕದ ಆರಂಭದಲ್ಲಿ ಮಾಲಕರಿಂದ ಕರಾರುಪತ್ರ ಬರೆಸಿಕೊಂಡರು: ಹುಡುಗನಿಗೆ ಕಸಬು ಕಲಿಸಬೇಕು, ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು, ಹಬ್ಬದ ದಿನ ರಜೆ ಕೊಡಬೇಕು. ನಮಗಂತೂ ಎಷ್ಟೋ ಪ್ರವಚನಗಳಿಗಿಂತ ಆ ಕಾಗದವೇ ದೊಡ್ಡದಾಗಿ ಕಾಣುತ್ತದೆ. ಅವರ ಸಲೇಸಿಯನ್ ಸಭೆಯವರು 1980ರಲ್ಲಿ ಬೆಂಗಳೂರಿನ ಬೀದಿಮಕ್ಕಳ ನಡುವೆಯೂ ಇದೇ ಬಗೆಯ ಸೇವೆಗೆ ತೊಡಗಿದರು.

ಪಾಲಕರೇ, ನಮ್ಮಲ್ಲಿ ಬಾಗಿಲು ಮುಚ್ಚಿಲ್ಲ. ನಪಾಸಾದವನಿಗೆ ಅದೇ ವರ್ಷ ಪೂರಕ ಪರೀಕ್ಷೆಯಿದೆ. ಒಂಬತ್ತರಲ್ಲೇ ಶಾಲೆ ಬಿಟ್ಟವನು 17 ನಂಬರಿನ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂಡಬಹುದು. ಆದರೆ ದಿನದ ಪಾಳಿಯವನು ಕಚೇರಿಗೆ ಯಾವಾಗ ಬಂದಾನು? ಫಾರ್ಮೇ ಅವನ ಹತ್ತಿರ ಹೋಗಬೇಕು.

ಆದ್ದರಿಂದ ನಾವು ಕೆಲವು ಶಿಕ್ಷಕರು ರವಿವಾರ, ಪಾಳಿ ಬದಲಾಗುವ ಹೊತ್ತಿಗೆ, ಮಗ್ಗದ ಶೆಡ್ಡುಗಳ ಕಡೆ ಹೋಗಿ ಬರುತ್ತೇವೆ. ಮೊದಲ ಸಲ ಹುಡುಗ ಬೈಗುಳಕ್ಕೆ ಅಂಜಿ ತಲೆ ತಗ್ಗಿಸುತ್ತಾನೆ. ಎರಡನೆಯ ಸಲ ಚಹಾ ಹೇಳುತ್ತಾನೆ, ರೊಕ್ಕ ತಾನೇ ಕೊಡುತ್ತೇನೆಂದು ಹಟ ಹಿಡಿಯುತ್ತಾನೆ. ಮೂರನೆಯ ಸಲ ಫಾರ್ಮಿನ ಮಾತು ಅವನ ಬಾಯಿಂದಲೇ ಬರುವುದುಂಟು, ಬಾರದಿರುವುದೂ ಉಂಟು. ಬಾರದಿದ್ದರೆ ಚಹಾ ಕುಡಿದು ಬರುತ್ತೇವೆ. ಮುಂದಿನ ರವಿವಾರ ಮತ್ತೆ ಹೋಗುತ್ತೇವೆ.