ಉಬ್ಬಿದ ಬಾಟಲಿ

ಡಿಸೆಂಬರ್ ಚಳಿಯಲ್ಲಿ ಬಾಡಿಗೆ ಪಿಕಪ್ ಟ್ರಕ್ ಹಿಡಿದು ಯೂಟಾ ಸುತ್ತುತ್ತಿದ್ದೇವೆ. ರಾತ್ರಿ ಗಾಡಿಯ ಹಿಂದೆ ಮರೆತುಬಿಟ್ಟಿದ್ದ ನೀರಿನ ಬಾಟಲಿ ಬೆಳಿಗ್ಗೆ ಕಲ್ಲಾಗಿತ್ತು. ತಳ ಉಬ್ಬಿ ನೆಟ್ಟಗೆ ನಿಲ್ಲುತ್ತಲೂ ಇರಲಿಲ್ಲ. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದಲ್ಲ!

ಅದನ್ನು ಹಿಡಿದುಕೊಂಡೇ ಬ್ರೈಸ್ ಕ್ಯಾನಿಯನ್ ಅಂಚಿಗೆ ಹೋದೆ. 8,000 ಅಡಿ ಎತ್ತರ. ಕೆಳಗೆ ಸಾಲುಸಾಲು ಕೆಂಪು ಕಲ್ಲಿನ ಕಂಬಗಳು, ನೆತ್ತಿಯ ಮೇಲೆ ಹಿಮ. ಅವನ್ನು ಕಡೆಯುತ್ತಿರುವುದೂ ಇದೇ ನೀರು. ಹಗಲು ಕರಗಿ ಬಿರುಕಿಗಿಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಬಂಡೆ ಸೀಳುತ್ತದೆ. ವರ್ಷಕ್ಕೆ ಸುಮಾರು 180 ದಿನ ಇದೇ ಕೆಲಸ.

"ಈ ಚಳೀಲಿ ಅಲ್ಲಿಗ್ಯಾಕೆ ಹೋಗ್ತೀಯೋ?" ಅಂತ ಅಮ್ಮ ಫೋನಿನಲ್ಲಿ ಕೇಳಿದ್ದಳು.

ಇದಕ್ಕೇ ಅಮ್ಮಾ. ಎಲ್ಲೋ ಕೆಳಗೆ ಈಗಷ್ಟೇ ಒಂದು ಕಲ್ಲು ಉರುಳಿದ ಸದ್ದಾಯಿತು.