ಅಪ್ಪ ಈಗ ಪ್ರಸಂಗ ಮಾಡುವುದಿಲ್ಲ



"ಅಯ್ಯನವರು ಹೆಂಗದಾರ? ಮತ್ತೆ ಯಾವಾಗ ಪ್ರಸಂಗ ಮಾಡ್ತಾರ?" ವಾಸ್ಕೋದ ಮಾರ್ಕೆಟ್ಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪಿನಲ್ಲಿ ಈ ಎರಡು ಪ್ರಶ್ನೆಗಳು ನಮಗೆ ಎದುರಾಗುತ್ತಲೇ ಇರುತ್ತವೆ. ಕೇಳುವವರ ಪ್ರೀತಿ ನಮಗೆ ಗೊತ್ತು. ಅದಕ್ಕೇ ಅಕ್ಕ ತಮ್ಮ ಇಬ್ಬರೂ ಕೂತು ಎರಡಕ್ಕೂ ಉತ್ತರ ಬರೆದಿದ್ದೇವೆ. ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆವು. ಅವರು ತಲೆಯಾಡಿಸಿದ ಮೇಲೆಯೇ ನಿಮಗೆ ಕಳಿಸುತ್ತಿದ್ದೇವೆ.

ನಮ್ಮ ಸಭೆಯ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಗೋವಾಕ್ಕೆ ಬಂದವರು. ಬಂದರಿನಲ್ಲಿ ಹಮಾಲಿ, ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊರುವುದು, ಗಾರೆ ಕೆಲಸ, ಮನೆಗೆಲಸ. ಬಯ್ಣಾದಲ್ಲಿ, ಜುವಾರಿನಗರದಲ್ಲಿ ಮನೆ ಕೂಟಗಳು ರಾತ್ರಿ 9ಕ್ಕೆ ಶುರುವಾಗುತ್ತಿದ್ದವು. ಅದಕ್ಕಿಂತ ಮುಂಚೆ ಯಾರೂ ಕೆಲಸದಿಂದ ಬರುತ್ತಿರಲಿಲ್ಲ. ಅಪ್ಪನಿಗೆ ಕನ್ನಡ, ಹಿಂದಿ, ಕೊಂಕಣಿ ಮೂರೂ ಬರುತ್ತಿದ್ದವು. ಮಕ್ಕಳನ್ನು ಶಾಲೆಗೆ ಸೇರಿಸಲು, ಪೊಲೀಸ್ ಠಾಣೆಗೆ, ಪಂಚಾಯಿತಿಗೆ, ಆಸ್ಪತ್ರೆಗೆ ಜನ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಎಷ್ಟೋ ಮನೆಗಳ ಪರವಾಗಿ ಮಾತಾಡುತ್ತಿದ್ದವರು ಅಪ್ಪನೇ.

ಅಪ್ಪನಿಗೆ ಆಗ 54 ವರ್ಷ. ಒಂದು ಬೆಳಿಗ್ಗೆ ಅವ್ವ ಎಬ್ಬಿಸಲು ಹೋದಾಗ ಅವರ ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳಲಿಲ್ಲ. 108ಕ್ಕೆ ಫೋನ್ ಮಾಡಿ, ಜುವಾರಿ ಸೇತುವೆ ದಾಟಿ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿಗೆ ಕರೆದೊಯ್ದೆವು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕಂತೆ. ಅಪ್ಪನಿಗೆ ನಿದ್ದೆಯಲ್ಲೇ ಆದದ್ದರಿಂದ ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಜೀವ ಉಳಿಯಿತು. ಬಲಗೈಯ ಬಲ ಮತ್ತು ಮಾತು ಹೋದವು.

ಕೆಲವು ತಿಂಗಳು ರಜೆ ಕೊಟ್ಟರು. ಆಮೇಲೆ ವೈದ್ಯಕೀಯ ಕಾರಣದ ಮೇಲೆ ನಿವೃತ್ತಿ.

ಪಾಸ್ಟರ್ ಮನೆಯ ಮಕ್ಕಳಿಗಷ್ಟೇ ಗೊತ್ತಿರುವ ಒಂದು ಸಂಗತಿಯಿದೆ. ನಿವೃತ್ತಿ ಎಂದರೆ ಕೆಲಸದ ಜೊತೆಗೆ ಮನೆಯೂ ಹೋಗುತ್ತದೆ. ಸಭಾಪಾಲಕರ ನಿವಾಸ ಸಭೆಯದು. ಮಂಚ, ಕಪಾಟು, ಊಟದ ಮೇಜು ಕೂಡ ಸಭೆಯವೇ. ಹೊಸ ಅಯ್ಯನವರ ಕುಟುಂಬ ಬರಬೇಕು, ನಾವು ಬಿಡಬೇಕು. ಅದು ನ್ಯಾಯವೇ. ಆದರೂ ಸಾಮಾನು ಕಟ್ಟುವಾಗ ನಮ್ಮದು ಎಂದು ಉಳಿದದ್ದು ಪುಸ್ತಕ, ಪಾತ್ರೆ, ಹೊಲಿಗೆ ಯಂತ್ರ, ಒಂದು ಹಾರ್ಮೋನಿಯಂ. ಧಾರವಾಡದ ಕಡೆಗೆ ಹಿಂತಿರುಗಿ ಎಂದು ಬಂಧುಗಳು ಹೇಳಿದರು. ಆದರೆ ಅಪ್ಪನ ಫಿಸಿಯೋಥೆರಪಿ ಇಲ್ಲಿ ನಡೆಯುತ್ತಿತ್ತು. ಗೋವಾದಲ್ಲಿ 5 ವರ್ಷ ವಾಸವಿದ್ದವರಿಗೆ ಸಿಗುವ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡ್ ನಮಗಿತ್ತು. ನಮ್ಮಲ್ಲಿ ಒಬ್ಬಳ ಕೆಲಸವೂ ಇಲ್ಲೇ. ಹಾಗಾಗಿ ಮಾಂಗೋರ್ ಹಿಲ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರಲು ಶುರು ಮಾಡಿದಳು. ಊರಿನ ರುಚಿಗೆ ಹಾತೊರೆಯುವವರು ವಾಸ್ಕೋದಲ್ಲಿ ಕಡಿಮೆಯೇನಿಲ್ಲ.

ಅವ್ವನಿಗೆ ಕಷ್ಟವಾದದ್ದು ರೊಟ್ಟಿ ಬಡಿಯುವುದಲ್ಲ. ಇಪ್ಪತ್ತೈದು ವರ್ಷ ಅವಳನ್ನು ಎಲ್ಲರೂ "ಪಾಸ್ಟ್ರಮ್ಮ" ಎಂದೇ ಕರೆದಿದ್ದರು. ಈಗ ಆ ಹೆಸರು ಬೇರೆಯವರದು. ಸ್ತ್ರೀಯರ ಕೂಟದಲ್ಲಿ ಎಲ್ಲಿ ಕೂರಬೇಕು, ಹೊಸ ಪಾಸ್ಟ್ರಮ್ಮ ಏನಾದರೂ ಕೇಳಿದರೆ ಎಷ್ಟು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅವಳು ಒಬ್ಬಳೇ ಕಲಿತಳು.

ಅಪ್ಪನ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಹೋಗಿಲ್ಲ, ನೆನಪು ಹೋಗಿಲ್ಲ. ಹೇಳಬೇಕಾದ್ದು ಒಳಗಿದೆ, ಪದ ಸಿಗುವುದಿಲ್ಲ. ನೀರು ಬೇಕಾದಾಗ "ಚಾವಿ" ಅನ್ನುತ್ತಾರೆ, ತಪ್ಪೆಂದು ಅವರಿಗೇ ತಿಳಿದು ಮುಖ ಕೆಂಪಾಗುತ್ತದೆ. ಅದೇ ಅಪ್ಪ, ಅವ್ವ ಹಾರ್ಮೋನಿಯಂ ಹಿಡಿದು ಹಳೆಯ ಕೀರ್ತನೆ ಎತ್ತಿದರೆ ಪೂರ್ತಿ ಚರಣ ಹಾಡುತ್ತಾರೆ! ಕರ್ತನು ಕಲಿಸಿದ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಮಾತು ಮರಳಿ ಬಂತೆಂದು ನಾವು ಕುಣಿದಾಡಿದೆವು. ಸ್ಪೀಚ್ ಥೆರಪಿಸ್ಟ್ ಮೇಡಂ ತಿಳಿಸಿ ಹೇಳಿದರು: ಹೊಸದಾಗಿ ವಾಕ್ಯ ಕಟ್ಟುವುದು ಬಹುತೇಕರಲ್ಲಿ ಮೆದುಳಿನ ಎಡಭಾಗದ ಕೆಲಸ, ಹಾಡು ಮತ್ತು ವರ್ಷಗಟ್ಟಲೆ ಬಾಯಿಪಾಠವಾದ ಮಾತು ಎಷ್ಟೋ ಜನರಲ್ಲಿ ಹಾಗೇ ಉಳಿದಿರುತ್ತವೆ. ಸಂಡೆ ಸ್ಕೂಲಿನಲ್ಲಿ ಕಂಠಪಾಠ ಮಾಡಿಸಿದರೆ ಗೊಣಗುವ ನಾವು, ಅದು ಯಾವ ದಿನಕ್ಕೆ ಒದಗುತ್ತದೆಂದು ಅಂದು ಕಂಡೆವು.

ಎಲ್ಲ ದಿನಗಳೂ ಹಾಗಿರುವುದಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಎಡಗೈಯಿಂದ ಅಂಗಿ ಗುಂಡಿ ಹಾಕಲು ಒದ್ದಾಡಿ, ಸಾಕೆಂದು ಗೋಡೆ ಕಡೆ ಮುಖ ಮಾಡಿ ಮಲಗಿದ ದಿನಗಳಿವೆ. ಮನೆಗೆ ಬಂದ ಒಬ್ಬರು, ಗುಪ್ತವಾದ ಪಾಪವೇನಾದರೂ ಇದ್ದರೆ ಅರಿಕೆ ಮಾಡಿ, ನಂಬಿಕೆ ಇದ್ದರೆ ಇವತ್ತೇ ಏಳುತ್ತೀರಿ ಎಂದರು. ಅಪ್ಪನಿಗೆ ಎಲ್ಲ ಕೇಳಿಸುತ್ತಿತ್ತು, ಉತ್ತರ ಕೊಡಲಾಗಲಿಲ್ಲ. ಅವರ ಪರವಾಗಿ ಇಲ್ಲಿ ನಾವು ಹೇಳುತ್ತೇವೆ: ಯೋಹಾನ 9ನೇ ಅಧ್ಯಾಯ ಓದಿರಿ. ಹುಟ್ಟುಗುರುಡನನ್ನು ನೋಡಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ನಾವು ಸ್ವಸ್ಥತೆಗಾಗಿ ದಿನವೂ ಪ್ರಾರ್ಥಿಸುತ್ತೇವೆ. ಅದು ಸಿಗುವವರೆಗೆ ಅಪ್ಪ ಕಡಿಮೆ ನಂಬಿಕೆಯವರು ಎಂದು ಮಾತ್ರ ಒಪ್ಪುವುದಿಲ್ಲ.

ಆ ದಿನಗಳಲ್ಲಿ ನಾವು ಸತ್ಯವೇದದಲ್ಲಿ ಎರಡು ಭಾಗಗಳನ್ನು ಮತ್ತೆ ಮತ್ತೆ ಓದಿದೆವು. ಒಂದು ಅರಣ್ಯಕಾಂಡ 8:23-26. ಲೇವಿಯರು 50ನೇ ವಯಸ್ಸಿಗೆ ಗುಡಾರದ ದುಡಿಮೆಯಿಂದ ನಿವೃತ್ತರಾಗಬೇಕು. ಆದರೆ ಅಲ್ಲಿಂದ ಹೊರಗೆ ಹೋಗಬೇಕಿಲ್ಲ, ತಮ್ಮ ಸಹೋದರರಿಗೆ ಸಹಾಯಕರಾಗಿ ಇರಬಹುದು. ಹೊರೆ ಇಳಿಯಿತು, ಜಾಗ ಉಳಿಯಿತು. ಇನ್ನೊಂದು ಫಿಲಿಪ್ಪಿ 2:25-30. ಸೆರೆಯಲ್ಲಿದ್ದ ಪೌಲನ ಸೇವೆಗೆಂದು ಸಭೆ ಕಳಿಸಿದ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದ. ಪೌಲ ಅವನನ್ನು ಊರಿಗೆ ಕಳಿಸಿದ. ಕಳಿಸಿದ ಕೆಲಸ ಅರ್ಧಕ್ಕೆ ಬಿಟ್ಟು ಬಂದ ಎಂದು ಯಾರೂ ಅನ್ನದಂತೆ, ಅವನನ್ನು ಸಂತೋಷದಿಂದ ಬರಮಾಡಿಕೊಂಡು ಗೌರವಿಸಬೇಕೆಂದು ಬರೆದ. ಕಾಯಿಲೆಯಿಂದ ಮನೆಗೆ ಬಂದ ಸೇವಕನ ವಿಷಯದಲ್ಲಿ ಸಭೆಗೂ ಒಂದು ಕೆಲಸವಿದೆ.

ನಮ್ಮ ಹಿರಿಯರಿಗೂ ಇದು ಹೊಸದಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್, ಹೆಂಡತಿ ಪೌಲೀನಾರ ಕಾಯಿಲೆಯಿಂದಾಗಿ 1860ರಲ್ಲಿ ಜರ್ಮನಿಗೆ ಹಿಂತಿರುಗಿದರು. ಆಗಿನ್ನೂ ಅವರಿಗೆ ಐವತ್ತು ತುಂಬಿರಲಿಲ್ಲ. 1881ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಅವರ ಗೆಳೆಯ ಹರ್ಮನ್ ಗುಂಡರ್ಟ್ 1859ರಲ್ಲಿ ಆರೋಗ್ಯ ಕೆಟ್ಟು ಮಲಬಾರಿನಿಂದ ಊರಿಗೆ ಹೋದವರು. ಅವರ ಮಲಯಾಳಂ ನಿಘಂಟು ಮುಗಿದದ್ದು ಆಮೇಲೆ, 1872ರಲ್ಲಿ. ಮೋಗ್ಲಿಂಗರ ಜೀವನಚರಿತ್ರೆ ಬರೆದವರೂ ಅವರೇ.

ಅಪ್ಪ ನಿಘಂಟು ಬರೆಯುತ್ತಿಲ್ಲ. ಎಡಗೈಯಿಂದ ಹೆಸರು ಬರೆಯುತ್ತಾರೆ. ಮೊದಲು ಗೀಚಿದಂತಿತ್ತು, ಈಗ ಓದಲು ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಸಭೆಯ ಒಂದೊಂದು ಮನೆಯ ಹೆಸರು ಬರೆದು, ಬೆರಳಿಟ್ಟು ಪ್ರಾರ್ಥಿಸುತ್ತಾರೆ. ಬಂದರಿನಲ್ಲಿ ಕೆಲಸ ಮಾಡುವ ಕಾಕಾ ಒಬ್ಬರು ಶನಿವಾರ ಸಂಜೆ ಬರುತ್ತಾರೆ. "ಅಯ್ಯನವರ, ನೀವೇನೂ ಮಾತಾಡಬ್ಯಾಡ್ರಿ. ನಾ ಹೇಳ್ತೀನಿ, ನೀವು ಕೇಳ್ರಿ" ಎಂದು ಮಗನ ಕುಡಿತದ ಕಷ್ಟ ಹೇಳಿಕೊಳ್ಳುತ್ತಾರೆ. ಅಪ್ಪ ಅವರ ಕೈ ಹಿಡಿದು ಕೂತಿರುತ್ತಾರೆ. ಹೊರಡುವಾಗ ಇಬ್ಬರೂ ಸೇರಿ ಕರ್ತನ ಪ್ರಾರ್ಥನೆ ಹೇಳುತ್ತಾರೆ. ಮೊದಲು ಅಪ್ಪ ಇಷ್ಟು ಹೊತ್ತು ಯಾರ ಮಾತನ್ನೂ ಕೇಳಿದ್ದಿಲ್ಲ ಎಂದು ಅವ್ವ ನಗುತ್ತಾಳೆ.

ಯೌವನಸ್ಥರೇ, ನಿಮ್ಮಲ್ಲಿ ನಮ್ಮದು ಕೆಲವು ಬಿನ್ನಹ.

ಕಾಯಿಲೆಯಾದ ಸೇವಕರ ಮನೆಗೆ ಹೋಗಿರಿ. ಮೊದಲ ತಿಂಗಳಲ್ಲಿ ಎಲ್ಲರೂ ಬರುತ್ತಾರೆ, ಎಂಟನೆಯ ತಿಂಗಳಲ್ಲಿ ಹೋಗಿರಿ. ಮಾತು ತಡವರಿಸಿದರೆ ನೀವೇ ವಾಕ್ಯ ಮುಗಿಸಬೇಡಿ, ಕಾಯಿರಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿರಿ. ಅವರ ಎದುರಿಗೇ ಅವರ ಬಗ್ಗೆ ಮನೆಯವರನ್ನು ಕೇಳಬೇಡಿ, ಅವರನ್ನೇ ಕೇಳಿರಿ. ಹಾಡು ಬಂದರೆ ಹಾಡಿರಿ. ಅವರ ಹೆಂಡತಿಯನ್ನೂ ನೀವು ಹೇಗಿದ್ದೀರಿ ಎಂದು ಕೇಳಿರಿ. ಮತ್ತು ಯಾರದಾದರೂ ಮುಖ ವಾಲಿ, ಕೈ ಸೋತು, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿರಿ.

ಇನ್ನು ಆ ಎರಡನೆಯ ಪ್ರಶ್ನೆ. ಅಪ್ಪ ಮತ್ತೆ ಪ್ರಸಂಗಪೀಠ ಹತ್ತಲಿಕ್ಕಿಲ್ಲ. ಇದನ್ನು ಓದಿದಾಗಲೂ ಅವರು ತಲೆಯಾಡಿಸಿದರು. ಆಮೇಲೆ ನೋಟ್‌ಬುಕ್ ಕಡೆ ಕೈ ತೋರಿಸಿದರು. ನಿಮ್ಮ ಮನೆಯ ಹೆಸರು ಅದರಲ್ಲಿ ಇಲ್ಲದಿದ್ದರೆ ಬಂದು ಹೇಳಿರಿ, ಬರೆದುಕೊಳ್ಳುತ್ತಾರೆ.